ಪುಡಿಯಾಗುವ ಕಣಮಣ್ಣುಗಳ ಗಣಕ ಅನುಕರಣೆ

ಪುಡಿಯಾಗುವ ಕಣಮಣ್ಣುಗಳ ಗಣಕ ಅನುಕರಣೆ ಎಂದರೆ ಮರಳು, ಗರಸು, ಜಲ್ಲಿ ಮೊದಲಾದ ಬಿಡಿಕಣಗಳ ರಾಶಿಯ ಮೇಲೆ ಭಾರ ಬಿದ್ದಾಗ ಅದರ ಕಣಗಳು ಹೇಗೆ ಸರಿಯುತ್ತವೆ, ಯಾವ ಹಂತದಲ್ಲಿ ಒಡೆಯುತ್ತವೆ ಮತ್ತು ಒಡೆದ ಬಳಿಕ ರಾಶಿಯ ಗುಣಗಳು ಹೇಗೆ ಮಾರ್ಪಡುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ತಿಳಿಯುವ ವಿಧಾನ. ಇದು ಭೂತಾಂತ್ರಿಕ ಎಂಜಿನಿಯರಿಂಗ್‌ನ ಒಂದು ಅಧ್ಯಯನಕ್ಷೇತ್ರ. ಮಣ್ಣಿನ ಕಣಗಳು ಒಂದರ ಮೇಲೊಂದು ಜಾರುತ್ತವೆಯೇ ಹೊರತು ಒಡೆಯುವುದಿಲ್ಲ ಎಂಬುದು ಮಣ್ಣಿನ ಬಲವನ್ನು ಕುರಿತ ಹಳೆಯ ಲೆಕ್ಕಾಚಾರಗಳಲ್ಲಿ ಬಹುಪಾಲಿನ ಆಧಾರ. ಗಟ್ಟಿಯಾದ ಸಿಲಿಕಾ ಮರಳಿಗೆ, ಸಾಧಾರಣ ಕಟ್ಟಡದ ಭಾರದ ಮಟ್ಟಿಗೆ, ಈ ಗ್ರಹಿಕೆ ಸಾಕಾಗುತ್ತದೆ. ಶಿಥಿಲಗೊಂಡ ಬಸಾಲ್ಟ್ ಶಿಲೆಯ ಮುರುಮ್, ಸುಣ್ಣಮಯ ಸಮುದ್ರಮರಳು, ಅಣೆಕಟ್ಟಿಗೆ ತುಂಬಿದ ಕಲ್ಲು, ರೈಲುಹಳಿಯ ಜಲ್ಲಿ ಇವುಗಳಿಗೆ ಅದು ಸಾಲದು.

ಕಲಬುರಗಿ ನಗರ ಮತ್ತು ಕಮಲಾಪುರದ ಸುತ್ತಲಿನ ಪ್ರದೇಶದಲ್ಲಿ ರಸ್ತೆಯ ಬುನಾದಿಗೆ ಮುರುಮ್, ರೈಲುಹಳಿಯ ಕೆಳಗೆ ಒಡೆದ ಕರಿಕಲ್ಲು ಬಳಕೆಯಾಗುವುದರಿಂದ ಈ ವಿಷಯವು ಆ ಪ್ರದೇಶದ ನಿರ್ಮಾಣಕಾರ್ಯಗಳಿಗೆ ನೇರವಾಗಿ ಸಂಬಂಧಿಸಿದೆ. ಭಾರ ಹೊತ್ತ ಮೇಲೆ ಉಳಿಯುವ ಮಣ್ಣು, ಗಣಿಯಿಂದ ಅಗೆದು ತಂದ ಮಣ್ಣೇ ಆಗಿರುವುದಿಲ್ಲ ಎಂಬುದು ಈ ಅಧ್ಯಯನದ ಮುಖ್ಯ ತಿಳಿವಳಿಕೆ.

ಪರಿಕಲ್ಪನೆ

ಕಣಮಣ್ಣು ಎಂಬುದು ತನ್ನೊಳಗೆ ಅಂಟುಗುಣವಿಲ್ಲದ, ಬಿಡಿಬಿಡಿಯಾದ ಕಣಗಳಿಂದ ಕೂಡಿದ ಮಣ್ಣು. ಜೋಳದ ರಾಶಿಯ ಹಾಗೆ ಇದನ್ನು ಸುರಿದರೆ ಒಂದು ನಿಶ್ಚಿತ ಇಳಿಜಾರಿನಲ್ಲಿ ನಿಲ್ಲುತ್ತದೆ. ಕಣಗಳ ನಡುವಿನ ಘರ್ಷಣೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಇಂತಹ ಮಣ್ಣಿನ ಮೇಲೆ ಬೀಳುವ ಭಾರವನ್ನು ಏಕಮಾನ ವಿಸ್ತೀರ್ಣಕ್ಕೆ ಹಂಚಿ ಹೇಳಿದಾಗ ಅದಕ್ಕೆ ಪೀಡನ ಎನ್ನುತ್ತಾರೆ. ಪೀಡನದಿಂದ ಮಣ್ಣಿನ ಆಕಾರದಲ್ಲಿ ಅಥವಾ ಗಾತ್ರದಲ್ಲಿ ಉಂಟಾಗುವ ಸಾಪೇಕ್ಷ ಬದಲಾವಣೆಗೆ ವಿಕೃತಿ ಎಂದು ಹೆಸರು.

ಕಣಗಳು ಒಡೆಯದಿದ್ದರೆ ಮಣ್ಣು ಅಡಕವಾಗಲು ಇರುವ ಮುಖ್ಯ ದಾರಿ ಒಂದೇ: ಕಣಗಳು ಜಾರಿ, ಉರುಳಿ, ತಮ್ಮ ನಡುವಿನ ಸಂದುಗಳನ್ನು ತುಂಬಿಕೊಳ್ಳುವುದು. ಕಣಗಳು ಒಡೆಯಬಲ್ಲವಾದರೆ ಎರಡನೆಯ ದಾರಿಯೊಂದು ತೆರೆದುಕೊಳ್ಳುತ್ತದೆ. ದೊಡ್ಡ ಕಣ ಸೀಳಿ ಅದರ ಚೂರುಗಳು ಸಂದುಗಳಿಗೆ ಇಳಿಯುತ್ತವೆ. ಚೂರುಗಳ ನಡುವಿನ ಪುಡಿ ಇನ್ನೂ ಸಣ್ಣ ಸಂದುಗಳಿಗೆ ಇಳಿಯುತ್ತದೆ. ಹೀಗಾದಾಗ ನೆಲ ಕುಸಿಯುವ ಪ್ರಮಾಣ, ನೀರು ಇಂಗುವ ವೇಗ ಮತ್ತು ಮಣ್ಣಿನ ಘರ್ಷಣಾಬಲ ಮೂರೂ ಬದಲಾಗುತ್ತವೆ. ಒಡೆದ ಕಣ ಮತ್ತೆ ಕೂಡಿಕೊಳ್ಳುವುದಿಲ್ಲವಾದ್ದರಿಂದ ಭಾರ ತೆಗೆದರೂ ಈ ಬದಲಾವಣೆ ಹಿಂದಿರುಗುವುದಿಲ್ಲ.

ಕಲಬುರಗಿ–ಕಮಲಾಪುರ ಪ್ರದೇಶದ ಮಣ್ಣು

ಕಲಬುರಗಿ ಜಿಲ್ಲೆಯ ಉತ್ತರ ಭಾಗವು ದಖನ್ ಟ್ರ್ಯಾಪ್ ಎಂಬ ವಿಸ್ತಾರವಾದ ಬಸಾಲ್ಟ್ ಹಾಸಿನ ಅಂಚಿನಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾರಸ ತಣ್ಣಗಾಗಿ ಈ ಶಿಲೆ ರೂಪುಗೊಂಡಿತು. ಜಿಲ್ಲೆಯ ದಕ್ಷಿಣ ಭಾಗದಲ್ಲಿ ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಹರಡಿದೆ. ನೆಲಹಾಸಿಗೆ ಹೆಸರಾದ ಶಹಾಬಾದ್ ಕಲ್ಲು ಇದೇ. ಕಮಲಾಪುರವು ಕಲಬುರಗಿ ನಗರದಿಂದ ಈಶಾನ್ಯಕ್ಕೆ, ಹುಮನಾಬಾದಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದ್ದು, ಇಂದು ತಾಲ್ಲೂಕು ಕೇಂದ್ರವಾಗಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಪು ಬಾಳೆಯಿಂದಾಗಿ ಈ ಊರಿನ ಹೆಸರು ಪರಿಚಿತ.

ಈ ಪ್ರದೇಶದ ನೆಲವನ್ನು ಮೇಲಿನಿಂದ ಕೆಳಕ್ಕೆ ಅಗೆದರೆ ಸಾಮಾನ್ಯವಾಗಿ ಮೂರು ಹಂತಗಳು ಕಾಣುತ್ತವೆ. ಮೇಲೆ ತೊಗರಿ, ಜೋಳ ಬೆಳೆಯುವ ಕರಿ ಎರೆಮಣ್ಣು. ಇದು ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರಿಯುವ ಜೇಡಿಮಣ್ಣು. ಅದರ ಕೆಳಗೆ ಮುರುಮ್, ಅಂದರೆ ಅರ್ಧ ಶಿಥಿಲಗೊಂಡ ಬಸಾಲ್ಟಿನ ಗರಸು. ಅದಕ್ಕೂ ಕೆಳಗೆ ಗಟ್ಟಿ ಕರಿಕಲ್ಲು. ಎರೆಮಣ್ಣಿನ ಮೇಲೆ ನೇರವಾಗಿ ರಸ್ತೆ ಕಟ್ಟಿದರೆ ಅದು ಋತುಮಾನಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಎರೆಮಣ್ಣನ್ನು ತೆಗೆದು ಅಥವಾ ಅದರ ಮೇಲೆ ಮುರುಮ್ ಹರಡಿ, ರೋಲರ್ ಹಾಯಿಸಿ ಗಟ್ಟಿಮಾಡುವ ರೂಢಿ ದಖನ್ನಿನ ಉದ್ದಗಲಕ್ಕೂ ಇದೆ.

ಮುರುಮ್‌ನ ಕಣಗಳು ಹೊರನೋಟಕ್ಕೆ ಕಲ್ಲಿನಂತೆ ಕಂಡರೂ ಒಳಗೆ ಏಕರೂಪವಾಗಿರುವುದಿಲ್ಲ. ಲಾವಾರಸದಲ್ಲಿ ಸಿಕ್ಕಿಕೊಂಡ ಅನಿಲಗುಳ್ಳೆಗಳಿಂದ ಕೆಲವು ಪದರಗಳ ಶಿಲೆಯಲ್ಲಿ ರಂಧ್ರಗಳಿರುತ್ತವೆ. ಹಲವು ರಂಧ್ರಗಳಲ್ಲಿ ಜಿಯೊಲೈಟ್‌ನಂತಹ ಮೆದು ಖನಿಜಗಳು ತುಂಬಿರುತ್ತವೆ. ಬಸಾಲ್ಟ್ ಬಂಡೆಯು ಈರುಳ್ಳಿಯ ಸಿಪ್ಪೆಯಂತೆ ಸುತ್ತುಸುತ್ತಾಗಿ ಶಿಥಿಲಗೊಳ್ಳುವುದರಿಂದ ಒಂದೇ ಗಣಿಯ ಮುರುಮ್‌ನಲ್ಲಿ ಗಟ್ಟಿ ತಿರುಳಿನ ಚೂರೂ ಬೆರಳಿನಿಂದ ಪುಡಿಯಾಗುವ ಹೊರಪದರದ ಚೂರೂ ಬೆರೆತಿರುತ್ತವೆ. ಶಿಥಿಲೀಕರಣ ಮುಂದುವರಿದಂತೆ ಬಸಾಲ್ಟಿನ ಖನಿಜಗಳು ಉಬ್ಬುವ ಜೇಡಿಯಾಗಿ ಮಾರ್ಪಡುತ್ತವೆ. ಹೀಗಾಗಿ ಬುನಾದಿಗೆ ಹಾಕಿದ ಮುರುಮ್ ಅತಿಯಾಗಿ ಪುಡಿಯಾದರೆ, ಯಾವ ಜೇಡಿಯಿಂದ ರಸ್ತೆಯನ್ನು ಕಾಪಾಡಬೇಕಿತ್ತೋ ಅದೇ ಗುಣದ ಪುಡಿ ರಸ್ತೆಯ ಒಡಲೊಳಗೇ ಹುಟ್ಟಿಕೊಳ್ಳುತ್ತದೆ.

ಕಣಗಳು ಒಡೆಯುವ ಬಗೆ

ಒಂಟಿ ಕಣದ ಬಲ

ಕಣವೊಂದನ್ನು ಎರಡು ಗಟ್ಟಿ ಫಲಕಗಳ ನಡುವೆ ಇಟ್ಟು ಒತ್ತಿದಾಗ ಅದು ಹಿಸುಕಿಹೋಗುವುದಕ್ಕಿಂತ ಹೆಚ್ಚಾಗಿ ನಡುವೆ ಸೀಳುತ್ತದೆ. ಮೇಲಿನಿಂದ ಒತ್ತಿದ ಬಲವು ಕಣದ ಒಡಲಲ್ಲಿ ಅಡ್ಡಕ್ಕೆ ಎಳೆಯುವ ಪೀಡನವನ್ನು ಉಂಟುಮಾಡುವುದೇ ಇದಕ್ಕೆ ಕಾರಣ. ಒಡೆಯುವ ಕ್ಷಣದ ಬಲವನ್ನು ಕಣದ ವ್ಯಾಸದ ವರ್ಗದಿಂದ ಭಾಗಿಸಿದರೆ ಆ ಕಣದ ಬಲದ ಅಳತೆ ದೊರೆಯುತ್ತದೆ. ಈ ಅಳತೆಯನ್ನು ಜೆ. ಸಿ. ಯೇಗರ್ 1967ರಲ್ಲಿ ಬಳಕೆಗೆ ತಂದರು.

ಒಂದೇ ಗಾತ್ರದ, ಒಂದೇ ಶಿಲೆಯ ನೂರು ಕಣಗಳನ್ನು ಪರೀಕ್ಷಿಸಿದರೆ ನೂರು ಬೇರೆ ಬೇರೆ ಬೆಲೆಗಳು ಬರುತ್ತವೆ. ಪ್ರತಿ ಕಣದೊಳಗೆ ಇರುವ ಸೂಕ್ಷ್ಮ ಬಿರುಕುಗಳ ಸಂಖ್ಯೆ ಮತ್ತು ಉದ್ದ ಬೇರೆ ಬೇರೆಯಾಗಿರುವುದರಿಂದ ಹೀಗಾಗುತ್ತದೆ. ಈ ಚದುರುವಿಕೆಯನ್ನು ವಿವರಿಸಲು ಸ್ವೀಡನ್ನಿನ ಎಂಜಿನಿಯರ್ ವಾಲೋಡಿ ವೈಬುಲ್ ರೂಪಿಸಿದ ಸಂಖ್ಯಾಶಾಸ್ತ್ರೀಯ ಹಂಚಿಕೆಯನ್ನು ಬಳಸುತ್ತಾರೆ. ಅದರಲ್ಲಿನ ವೈಬುಲ್ ಘಾತಾಂಕ ಕಡಿಮೆಯಿದ್ದಷ್ಟೂ ಕಣಗಳ ಬಲದಲ್ಲಿ ಚದುರುವಿಕೆ ಹೆಚ್ಚು.

ಇದೇ ಹಂಚಿಕೆಯಿಂದ ಗಾತ್ರದ ಪ್ರಭಾವವೂ ಹೊರಬರುತ್ತದೆ. ದೊಡ್ಡ ಕಣದಲ್ಲಿ ದೊಡ್ಡ ಬಿರುಕು ಇರುವ ಸಂಭವ ಹೆಚ್ಚಾದ್ದರಿಂದ ಅದು ಕಡಿಮೆ ಪೀಡನಕ್ಕೆ ಒಡೆಯುತ್ತದೆ. ಉದಾಹರಣೆಗೆ, ವೈಬುಲ್ ಘಾತಾಂಕ 3 ಎಂದು ಹಿಡಿದರೆ ಕಣದ ಬಲವು ವ್ಯಾಸಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಂದರೆ 40 ಮಿ.ಮೀ. ಕಣಕ್ಕಿಂತ 10 ಮಿ.ಮೀ. ಕಣವು ಪೀಡನದ ಲೆಕ್ಕದಲ್ಲಿ 4 ಪಟ್ಟು ಗಟ್ಟಿ. ಆದರೆ ಅದರ ವ್ಯಾಸದ ವರ್ಗ 16 ಪಟ್ಟು ಕಡಿಮೆಯಾದ್ದರಿಂದ ಅದು ಹೊರಬಲ್ಲ ಒಟ್ಟು ಬಲವು ದೊಡ್ಡ ಕಣ ಹೊರುವುದರ ನಾಲ್ಕನೆಯ ಒಂದು ಭಾಗ ಮಾತ್ರ.

ರಾಶಿಯೊಳಗಿನ ಕಣ

ರಾಶಿಯಲ್ಲಿ ಭಾರ ಎಲ್ಲ ಕಣಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಕೆಲವೇ ಕಣಗಳು ಸಾಲಾಗಿ ನಿಂತು ಭಾರದ ಬಹುಪಾಲನ್ನು ಹೊರುತ್ತವೆ. ಇವನ್ನು ಬಲಸರಪಳಿಗಳು ಎನ್ನುತ್ತಾರೆ. ಅವುಗಳ ಪಕ್ಕದಲ್ಲೇ ಇರುವ ಎಷ್ಟೋ ಕಣಗಳ ಮೇಲೆ ಭಾರವೇ ಇರುವುದಿಲ್ಲ. ಸರಪಳಿಯ ಒಂದು ಕಣ ಒಡೆದರೆ ಭಾರ ಬೇರೆ ದಾರಿ ಹಿಡಿಯುತ್ತದೆ, ಹೊಸ ಸರಪಳಿ ಕಟ್ಟಿಕೊಳ್ಳುತ್ತದೆ.

ಕಣವು ಒಡೆಯುವುದು ಬಿಡುವುದು ಅದರ ನೆರೆಯ ಕಣಗಳ ಸಂಖ್ಯೆಯನ್ನೂ ಅವಲಂಬಿಸಿದೆ. ಸುತ್ತಲೂ ಹತ್ತಾರು ಸಣ್ಣ ಕಣಗಳು ಆನಿಸಿಕೊಂಡಿರುವ ದೊಡ್ಡ ಕಣಕ್ಕೆ ಎಲ್ಲ ದಿಕ್ಕಿನಿಂದಲೂ ಆಸರೆ ದೊರೆಯುವುದರಿಂದ ಅದು ಸೀಳುವುದಿಲ್ಲ. ಎರಡು ಮೂರು ಕಡೆ ಮಾತ್ರ ಸ್ಪರ್ಶವಿರುವ ಸಣ್ಣ ಕಣ ಸೀಳುತ್ತದೆ. ಹೀಗೆ ಎರಡು ಪ್ರವೃತ್ತಿಗಳು ಪರಸ್ಪರ ವಿರುದ್ಧವಾಗಿ ಕೆಲಸ ಮಾಡುತ್ತವೆ: ಗಾತ್ರದ ದೃಷ್ಟಿಯಿಂದ ದೊಡ್ಡ ಕಣ ದುರ್ಬಲ, ಆಸರೆಯ ದೃಷ್ಟಿಯಿಂದ ಅದೇ ಸುರಕ್ಷಿತ. ಎರಡನೆಯ ಪ್ರವೃತ್ತಿ ಮೇಲುಗೈ ಪಡೆದಾಗ ಕೆಲವು ದೊಡ್ಡ ಕಣಗಳು ಕೊನೆಯವರೆಗೂ ಉಳಿದು, ಸಣ್ಣವು ಮತ್ತೆ ಮತ್ತೆ ಒಡೆಯುತ್ತಾ ಹೋಗುತ್ತವೆ. ಕೊನೆಗೆ ಉಳಿಯುವ ಮಿಶ್ರಣದಲ್ಲಿ ಎಲ್ಲ ಗಾತ್ರದ ಕಣಗಳೂ ಒಂದು ಸ್ವಸದೃಶ ಕ್ರಮದಲ್ಲಿ ಹಂಚಿಕೆಯಾಗಿರುತ್ತವೆ. ಇಂತಹ ಮಿಶ್ರಣದ ಫ್ರ್ಯಾಕ್ಟಲ್ ಆಯಾಮ ಸಾಮಾನ್ಯವಾಗಿ 2.5ರ ಆಸುಪಾಸಿನಲ್ಲಿರುತ್ತದೆ.

ರಾಶಿಯ ಗುಣಗಳಲ್ಲಿ ಬದಲಾವಣೆ

ಅಡಕವಾದ ಮರಳನ್ನು ಅಡ್ಡಕ್ಕೆ ಜರುಗಿಸಿದಾಗ ಅದು ಮೊದಲು ಹಿಗ್ಗುತ್ತದೆ. ಕಣವು ಪಕ್ಕದ ಕಣವನ್ನು ದಾಟಬೇಕಾದರೆ ಅದರ ಮೇಲೆ ಏರಲೇಬೇಕು. ಈ ಗುಣವನ್ನು ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ವಿವರಿಸಿದರು. ಕಣಗಳು ಒಡೆಯುವ ಮಣ್ಣಿನಲ್ಲಿ ಏರಿ ದಾಟುವ ಬದಲು ಕಣದ ಮೂಲೆಯೇ ಮುರಿದುಹೋಗುತ್ತದೆ. ಪರಿಣಾಮವಾಗಿ ಹಿಗ್ಗುವಿಕೆ ತಗ್ಗಿ, ಮಣ್ಣು ತೋರಬಹುದಾಗಿದ್ದ ಗರಿಷ್ಠ ಘರ್ಷಣಾಬಲವೂ ಇಳಿಯುತ್ತದೆ. ಸಂದುಗಳು ಪುಡಿಯಿಂದ ತುಂಬುವುದರಿಂದ ನೀರು ಇಂಗಿಹೋಗುವ ವೇಗ ಕುಗ್ಗುತ್ತದೆ.

ನೀರು ಕಣದ ಬಲವನ್ನೂ ತಗ್ಗಿಸುತ್ತದೆ. ಬಿರುಕಿನ ತುದಿಯಲ್ಲಿ ತೇವ ಸೇರಿದಾಗ ಬಿರುಕು ಕಡಿಮೆ ಪೀಡನದಲ್ಲೇ ಮುಂದುವರಿಯುತ್ತದೆ. ಒಣಗಿದ್ದಾಗ ಭದ್ರವಾಗಿದ್ದ ಕಲ್ಲುತುಂಬು ಮೊದಲ ಬಾರಿ ನೆನೆದಾಗ ಹೊಸ ಭಾರವಿಲ್ಲದೆಯೂ ಕುಸಿಯುವುದಕ್ಕೆ ಇದು ಕಾರಣ. ಕಲ್ಲುತುಂಬಿನ ಈ ವರ್ತನೆಯನ್ನು ಓಲ್ಡೆಕಾಪ್ ಮತ್ತು ಅಲೊನ್ಸೊ 2001ರಲ್ಲಿ ಬಿರುಕು ಬೆಳೆಯುವ ಸಿದ್ಧಾಂತದಿಂದ ವಿವರಿಸಿದರು. ಬೇಸಿಗೆಯಲ್ಲಿ ಕಟ್ಟಿದ ಏರಿಯು ಮೊದಲ ಮುಂಗಾರಿನಲ್ಲಿ ತಗ್ಗುವುದನ್ನು ಅರ್ಥಮಾಡಿಕೊಳ್ಳಲು ಈ ವಿವರಣೆ ನೆರವಾಗುತ್ತದೆ.

ಇತಿಹಾಸ

ಕಣಗಳ ಒಡೆಯುವಿಕೆ ಎಂಜಿನಿಯರುಗಳ ಗಮನವನ್ನು ವ್ಯಾಪಕವಾಗಿ ಸೆಳೆದದ್ದು 1960ರ ದಶಕದಲ್ಲಿ, ಎತ್ತರದ ಕಲ್ಲುತುಂಬಿದ ಅಣೆಕಟ್ಟುಗಳ ನಿರ್ಮಾಣದ ಸಂದರ್ಭದಲ್ಲಿ. ಮೆಕ್ಸಿಕೊದಲ್ಲಿ ರೌಲ್ ಮಾರ್ಸಲ್ ದೊಡ್ಡ ಗಾತ್ರದ ಕಲ್ಲುಗಳ ಮೇಲೆ ಪರೀಕ್ಷೆ ನಡೆಸಿ, ಒಡೆಯುವಿಕೆಯ ಪ್ರಮಾಣವನ್ನು ಅಳೆಯುವ ಸೂಚ್ಯಂಕವೊಂದನ್ನು 1967ರಲ್ಲಿ ಮುಂದಿಟ್ಟರು. ಬಿ. ಒ. ಹಾರ್ಡಿನ್ 1985ರಲ್ಲಿ, ಪರೀಕ್ಷೆಯ ಮೊದಲಿನ ಮತ್ತು ನಂತರದ ಜರಡಿ ವಕ್ರರೇಖೆಗಳ ನಡುವಿನ ಕ್ಷೇತ್ರಫಲವನ್ನು ಆಧರಿಸಿದ ಸಾಪೇಕ್ಷ ಒಡೆತದ ಸೂಚ್ಯಂಕವನ್ನು ರೂಪಿಸಿದರು.

ಈ ವಿಷಯದ ಗಾಂಭೀರ್ಯವನ್ನು ತೋರಿಸಿಕೊಟ್ಟ ಘಟನೆ ನಡೆದದ್ದು 1980ರ ದಶಕದ ಆರಂಭದಲ್ಲಿ, ಪಶ್ಚಿಮ ಆಸ್ಟ್ರೇಲಿಯದ ಕಡಲಲ್ಲಿ. ಅಲ್ಲಿನ ನಾರ್ತ್ ರ‍್ಯಾಂಕಿನ್ ಅನಿಲ ವೇದಿಕೆಗಾಗಿ ಉಕ್ಕಿನ ಕಂಬಗಳನ್ನು ಸುಣ್ಣಮಯ ಮರಳಿನ ತಳಕ್ಕೆ ಬಡಿಯುವಾಗ ಅವು ನಿರೀಕ್ಷಿಸಿದ ಪ್ರತಿರೋಧವಿಲ್ಲದೆ ಇಳಿದುಹೋದವು. ಕಡಲಜೀವಿಗಳ ಚಿಪ್ಪುಗಳಿಂದಾದ ಟೊಳ್ಳು ಕಣಗಳು ಕಂಬದ ಸುತ್ತ ಪುಡಿಯಾಗಿ, ಕಂಬವನ್ನು ಹಿಡಿದಿಡಬೇಕಾಗಿದ್ದ ಪಾರ್ಶ್ವ ಒತ್ತಡವೇ ಇಲ್ಲವಾಗಿತ್ತು. ಬುನಾದಿಯನ್ನು ಭದ್ರಪಡಿಸಲು ಅಪಾರ ವೆಚ್ಚದ ದುರಸ್ತಿ ಬೇಕಾಯಿತು.

ಗಣಕ ಅನುಕರಣೆಯ ಬುನಾದಿ ಹಾಕಿದವರು ಪೀಟರ್ ಕಂಡಲ್. ಬಿರುಕುಬಿಟ್ಟ ಬಂಡೆಗಳ ಚಲನೆಯನ್ನು ಲೆಕ್ಕಹಾಕಲು 1971ರಲ್ಲಿ ಅವರು ಮಂಡಿಸಿದ ವಿಧಾನವನ್ನು, 1979ರಲ್ಲಿ ಓಟೊ ಸ್ಟ್ರ್ಯಾಕ್ ಜೊತೆಗೂಡಿ ಕಣಗಳ ರಾಶಿಗೆ ಅಳವಡಿಸಿದರು. ಇದೇ ಇಂದಿನ ಡಿಸ್ಕ್ರೀಟ್ ಎಲಿಮೆಂಟ್ ವಿಧಾನ. ಕನ್ನಡದಲ್ಲಿ ಬಿಡಿಕಣ ವಿಧಾನ ಎನ್ನಬಹುದು. ಆರಂಭದಲ್ಲಿ ಇದರ ಕಣಗಳು ಒಡೆಯುತ್ತಿರಲಿಲ್ಲ. ಮ್ಯಾಕ್‌ಡೊವೆಲ್, ಬೋಲ್ಟನ್ ಮತ್ತು ರಾಬರ್ಟ್‌ಸನ್ 1996ರಲ್ಲಿ ಕಣಗಳ ಫ್ರ್ಯಾಕ್ಟಲ್ ಒಡೆತದ ಸಿದ್ಧಾಂತವನ್ನು ಮಂಡಿಸಿದರು. ಚೆಂಗ್, ನಕಾತ ಮತ್ತು ಬೋಲ್ಟನ್ 2003ರಲ್ಲಿ ಪುಡಿಯಾಗುವ ಮಣ್ಣಿನ ಮೂರು ಆಯಾಮಗಳ ಅನುಕರಣೆಯನ್ನು ಪ್ರಕಟಿಸಿದರು. ಇತಾಯ್ ಐನಾವ್ 2007ರಲ್ಲಿ ಒಡೆತದ ಯಂತ್ರಶಾಸ್ತ್ರ ಎಂಬ ಶಕ್ತಿ ಆಧಾರಿತ ಸಿದ್ಧಾಂತವನ್ನು ಬೆಳೆಸಿದರು.

ಅನುಕರಣೆಯ ವಿಧಾನ

ಮೂಲ ಹೆಜ್ಜೆಗಳು

ಬಿಡಿಕಣ ವಿಧಾನದಲ್ಲಿ ಮಣ್ಣನ್ನು ಒಂದು ಅಖಂಡ ವಸ್ತುವೆಂದು ಭಾವಿಸದೆ, ಪ್ರತಿ ಕಣವನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಗಣಕವು ಕೆಳಗಿನ ಹೆಜ್ಜೆಗಳನ್ನು ಲಕ್ಷಾಂತರ ಬಾರಿ ಪುನರಾವರ್ತಿಸುತ್ತದೆ.

1. ಯಾವ ಕಣವು ಯಾವ ಕಣವನ್ನು ಮುಟ್ಟುತ್ತಿದೆ ಎಂದು ಹುಡುಕುವುದು.
2. ಮುಟ್ಟಿದ ಕಣಗಳು ಪರಸ್ಪರ ಎಷ್ಟು ಒತ್ತಿಕೊಂಡಿವೆ ಎಂಬುದರಿಂದ ಅವುಗಳ ನಡುವಿನ ಬಲವನ್ನು ಕಂಡುಹಿಡಿಯುವುದು. ಸ್ಪರ್ಶಬಿಂದುವನ್ನು ಸಣ್ಣ ಸ್ಪ್ರಿಂಗಿನಂತೆ ಭಾವಿಸಲಾಗುತ್ತದೆ. ಅಡ್ಡಬಲವು ಘರ್ಷಣೆಯ ಮಿತಿ ದಾಟಿದರೆ ಕಣ ಜಾರುತ್ತದೆ.
3. ಪ್ರತಿ ಕಣದ ಮೇಲಿನ ಒಟ್ಟು ಬಲದಿಂದ, ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ, ಅದರ ವೇಗೋತ್ಕರ್ಷವನ್ನು ಪಡೆಯುವುದು.
4. ಅತ್ಯಲ್ಪ ಕಾಲಾವಧಿಯ ನಂತರ ಕಣವು ಎಲ್ಲಿರುತ್ತದೆ ಎಂದು ಲೆಕ್ಕಹಾಕಿ ಅದನ್ನು ಅಲ್ಲಿಗೆ ಸರಿಸುವುದು.

ಈ ಕಾಲಾವಧಿ ಬಹಳ ಚಿಕ್ಕದಾಗಿರಬೇಕು. ಇಲ್ಲವಾದರೆ ಲೆಕ್ಕ ಹಳಿತಪ್ಪಿ ಕಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕಣ ಚಿಕ್ಕದಾದಷ್ಟೂ, ಗಟ್ಟಿಯಾದಷ್ಟೂ ಕಾಲಾವಧಿ ಇನ್ನೂ ಕಿರಿದಾಗಬೇಕಾಗುತ್ತದೆ.

ಕಣವನ್ನು ಒಡೆಯುವ ಎರಡು ದಾರಿಗಳು

ಮೊದಲನೆಯದು ಗುಚ್ಛ ವಿಧಾನ. ಇದರಲ್ಲಿ ಹಲವು ಪುಟ್ಟ ಗೋಲಿಗಳನ್ನು ಅಂಟಿನಿಂದ ಕೂಡಿಸಿದಂತೆ ಒಂದು ಕಣವನ್ನು ಕಟ್ಟಲಾಗುತ್ತದೆ. ಅಂಟಿನ ಮೇಲಿನ ಬಲ ಮಿತಿ ಮೀರಿದಾಗ ಅಂಟು ಕಡಿದು ಕಣ ಸೀಳುತ್ತದೆ. ಗುಚ್ಛದಿಂದ ಅಲ್ಲೊಂದು ಇಲ್ಲೊಂದು ಗೋಲಿಯನ್ನು ಯಾದೃಚ್ಛಿಕವಾಗಿ ತೆಗೆದುಹಾಕಿ ನಿಜವಾದ ಕಣದ ಒಳದೋಷಗಳನ್ನು ತೋರಿಸುತ್ತಾರೆ. ಸೀಳು ಎಲ್ಲಿ ಹುಟ್ಟಿ ಎತ್ತ ಸಾಗುತ್ತದೆ ಎಂಬುದನ್ನು ಇದು ಸಹಜವಾಗಿ ತೋರಿಸುತ್ತದೆ. ಒಂದೊಂದು ಕಣಕ್ಕೂ ಹಲವು ಗೋಲಿಗಳು ಬೇಕಾಗುವುದರಿಂದ ಗಣಕದ ಹೊರೆ ಮಾತ್ರ ಹೆಚ್ಚು.

ಎರಡನೆಯದು ಬದಲಿ ವಿಧಾನ. ಇದರಲ್ಲಿ ಕಣವು ಒಡೆಯುವವರೆಗೂ ಒಂದೇ ಗೋಲಿಯಾಗಿರುತ್ತದೆ. ಅದರ ಮೇಲಿನ ಪೀಡನ ನಿಗದಿತ ಮಿತಿಯನ್ನು ಮುಟ್ಟಿದೊಡನೆ ಅದನ್ನು ತೆಗೆದು, ಆ ಜಾಗದಲ್ಲಿ ಸಣ್ಣ ಗೋಲಿಗಳ ಗುಂಪನ್ನು ಇಡಲಾಗುತ್ತದೆ. ಆಸ್ಟ್ರಮ್ ಮತ್ತು ಹೆರ್ಮನ್ 1998ರಲ್ಲಿ, ಲೋಬೊ-ಗೆರೆರೊ ಮತ್ತು ವಲೆಹೊ 2005ರಲ್ಲಿ ಈ ದಾರಿಯನ್ನು ಬಳಸಿದರು. ಚಾಂಟಿಯ ಮತ್ತು ಸಂಗಡಿಗರು 2015ರಲ್ಲಿ ಇದನ್ನು ದೊಡ್ಡ ಸಮಸ್ಯೆಗಳಿಗೆ ಹೊಂದುವಂತೆ ಸುಧಾರಿಸಿದರು. ಒಂದು ದೊಡ್ಡ ಗೋಲಿಯ ಜಾಗದಲ್ಲಿ ಸಣ್ಣ ಗೋಲಿಗಳನ್ನಿಟ್ಟರೆ ನಡುವೆ ಸಂದು ಉಳಿಯುವುದರಿಂದ ಸ್ವಲ್ಪ ದ್ರವ್ಯರಾಶಿ ಲೆಕ್ಕದಿಂದ ಕಳೆದುಹೋಗುತ್ತದೆ. ಈ ಕೊರತೆಯನ್ನು ಸರಿದೂಗಿಸಲು ಪ್ರತ್ಯೇಕ ಉಪಾಯಗಳಿವೆ.

ಎರಡೂ ದಾರಿಗಳಲ್ಲಿ ಒಂದು ಕನಿಷ್ಠ ಗಾತ್ರವನ್ನು ನಿಗದಿಪಡಿಸಿ, ಅದಕ್ಕಿಂತ ಚಿಕ್ಕ ಕಣ ಮತ್ತೆ ಒಡೆಯುವುದಿಲ್ಲ ಎಂದು ಭಾವಿಸುತ್ತಾರೆ. ಹಾಗೆ ಮಾಡದಿದ್ದರೆ ಕಣಗಳ ಸಂಖ್ಯೆ ಮಿತಿಯಿಲ್ಲದೆ ಬೆಳೆಯುತ್ತದೆ.

ತಂತ್ರಾಂಶ

ಇಟಾಸ್ಕ ಸಂಸ್ಥೆಯ ಪಿ.ಎಫ್.ಸಿ. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ವಾಣಿಜ್ಯ ತಂತ್ರಾಂಶ. ಯೇಡ್ ಎಂಬುದು ಮುಕ್ತ ಆಕರದ ತಂತ್ರಾಂಶವಾಗಿದ್ದು, ಪೈಥಾನ್ ಭಾಷೆಯಲ್ಲಿ ಆದೇಶಗಳನ್ನು ಬರೆದು ಅದನ್ನು ನಡೆಸಬಹುದು. ಕೆಲವು ಸಾವಿರ ಕಣಗಳ ಅನುಕರಣೆಗೆ ಸಾಮಾನ್ಯ ಗಣಕವೇ ಸಾಕಾಗುವುದರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಸ್ವತಃ ಕಲಿಯಬಹುದು.

ಪ್ರಯೋಗಾಲಯದ ಪರೀಕ್ಷೆಗಳೊಂದಿಗೆ ಸಂಬಂಧ

ಅನುಕರಣೆಗೆ ಬೇಕಾದ ಬೆಲೆಗಳು ಪ್ರಯೋಗಾಲಯದಿಂದಲೇ ಬರಬೇಕು. ಮೊದಲು ಒಂಟಿ ಕಣಗಳನ್ನು ಒಡೆದು ಅವುಗಳ ಬಲದ ಹಂಚಿಕೆಯನ್ನು ಪಡೆಯುತ್ತಾರೆ. ನಂತರ ರಾಶಿಯ ಮೇಲಿನ ಒಂದು ಪರೀಕ್ಷೆಯ ಫಲಿತಾಂಶಕ್ಕೆ ಅನುಕರಣೆ ಹೊಂದುವಂತೆ ಬೆಲೆಗಳನ್ನು ಸರಿಪಡಿಸಿ, ಕೊನೆಗೆ ಬೇರೊಂದು ಪರೀಕ್ಷೆಯ ಫಲಿತಾಂಶವನ್ನು ಅದು ಮುಂಚಿತವಾಗಿ ಹೇಳಬಲ್ಲದೇ ಎಂದು ಒರೆಹಚ್ಚುತ್ತಾರೆ.

ಭಾರತದಲ್ಲಿ ಜಲ್ಲಿಯ ಗಟ್ಟಿತನವನ್ನು ಭಾರತೀಯ ಮಾನಕ 2386ರ 4ನೇ ಭಾಗದ ಪ್ರಕಾರ ಪರೀಕ್ಷಿಸಲಾಗುತ್ತದೆ. ಅದರ ಪುಡಿಯಾಗುವಿಕೆಯ ಪರೀಕ್ಷೆಯಲ್ಲಿ 12.5 ಮಿ.ಮೀ. ಜರಡಿಯಲ್ಲಿ ಇಳಿದು 10 ಮಿ.ಮೀ. ಜರಡಿಯಲ್ಲಿ ಉಳಿದ ಜಲ್ಲಿಯನ್ನು ಸುಮಾರು 15 ಸೆಂ.ಮೀ. ವ್ಯಾಸದ ಉಕ್ಕಿನ ಕೊಳವೆಯಲ್ಲಿ ತುಂಬಿ, 10 ನಿಮಿಷಗಳಲ್ಲಿ 40 ಟನ್ ಭಾರವನ್ನು ಏರಿಸುತ್ತಾರೆ. ಬಳಿಕ 2.36 ಮಿ.ಮೀ. ಜರಡಿಯಲ್ಲಿ ಇಳಿಯುವ ಪುಡಿಯ ಶೇಕಡಾವಾರು ತೂಕವೇ ಪುಡಿಯಾಗುವಿಕೆಯ ಮೌಲ್ಯ. ಈ ಪರೀಕ್ಷೆಯಿಂದ ದೊರೆಯುವುದು ಒಂದು ಅಂಕಿ ಮಾತ್ರ. ಭಾರ ಏರುತ್ತಿದ್ದಾಗ ಕೊಳವೆಯೊಳಗೆ ಯಾವ ಕಣ ಯಾವಾಗ ಒಡೆಯಿತು ಎಂಬುದು ಕಾಣುವುದಿಲ್ಲ. ಕಾಣದ ಆ ಭಾಗವನ್ನೇ ಅನುಕರಣೆ ತೆರೆದು ತೋರಿಸುತ್ತದೆ.

ಮಣ್ಣನ್ನು ಅಡಕಗೊಳಿಸುವ ಪ್ರಾಕ್ಟರ್ ಪರೀಕ್ಷೆಯಲ್ಲೂ ಒಡೆಯುವಿಕೆ ಮುಖ್ಯವಾಗುತ್ತದೆ. ಭಾರತೀಯ ಮಾನಕ 2720ರ 7ನೇ ಭಾಗದ ಪ್ರಕಾರ 2.6 ಕಿಲೋಗ್ರಾಂ ಸುತ್ತಿಗೆಯನ್ನು 310 ಮಿ.ಮೀ. ಎತ್ತರದಿಂದ, ಮೂರು ಪದರಗಳಲ್ಲಿ, ಪದರಕ್ಕೆ 25 ಬಾರಿ ಬೀಳಿಸಲಾಗುತ್ತದೆ. ಸಾಮಾನ್ಯ ಮಣ್ಣಿನಲ್ಲಿ ಒಂದೇ ಮಾದರಿಗೆ ಹಂತಹಂತವಾಗಿ ನೀರು ಬೆರೆಸುತ್ತಾ ಪರೀಕ್ಷೆಯನ್ನು ಮುಂದುವರಿಸಬಹುದು. ಪುಡಿಯಾಗುವ ಮಣ್ಣಿಗಾದರೆ ಪ್ರತಿ ತೇವಾಂಶಕ್ಕೂ ಹೊಸ ಮಾದರಿಯನ್ನೇ ತೆಗೆದುಕೊಳ್ಳಬೇಕೆಂದು ಮಾನಕವು ಸೂಚಿಸುತ್ತದೆ. ಒಮ್ಮೆ ಬಡಿದ ಮುರುಮ್ ಪುಡಿಯಾಗಿ ಸಂದು ತುಂಬಿಕೊಂಡಿರುವುದರಿಂದ ಎರಡನೆಯ ಬಾರಿ ಸಾಂದ್ರತೆ ಹೆಚ್ಚಾಗಿ ತೋರುತ್ತದೆ. ಆ ಹೆಚ್ಚಳವನ್ನು ಬಲದ ಲಕ್ಷಣವೆಂದು ತಿಳಿಯುವುದು ತಪ್ಪಾಗುತ್ತದೆ.

ಅನ್ವಯಗಳು

ರಸ್ತೆ

ಹೆದ್ದಾರಿಯ ಬುನಾದಿಯ ಗರಸಿನಲ್ಲಿ 0.425 ಮಿ.ಮೀ. ಜರಡಿಯಲ್ಲಿ ಇಳಿಯುವ ಪುಡಿಯ ದ್ರವಮಿತಿ 25ಕ್ಕಿಂತ ಮತ್ತು ಪ್ಲಾಸ್ಟಿಕ್ ಸೂಚ್ಯಂಕ 6ಕ್ಕಿಂತ ಮೀರಬಾರದು ಎಂಬ ನಿಯಮ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದೇಶನಗಳಲ್ಲಿದೆ. ಪುಡಿ ಕೆಸರಾಗಬಾರದು ಎಂಬುದೇ ಇದರ ಉದ್ದೇಶ. ಗಣಿಯಿಂದ ತಂದ ಮುರುಮ್ ಪರೀಕ್ಷೆಯಲ್ಲಿ ಉತ್ತೀರ್ಣವಾದರೂ ರೋಲರಿನ ಕೆಳಗೆ ಒಡೆದು ಹೊಸ ಪುಡಿಯನ್ನು ಉಂಟುಮಾಡಬಹುದು. ಆದ್ದರಿಂದ ರೋಲರ್ ಹಾಯಿಸಿದ ನಂತರದ ಪದರದಿಂದಲೂ ಮಾದರಿ ತೆಗೆದು ಜರಡಿ ಹಿಡಿಯುವುದು ಪುಡಿಯಾಗುವ ಮಣ್ಣಿನ ವಿಷಯದಲ್ಲಿ ಅಗತ್ಯ. ಎಷ್ಟು ಬಾರಿ ರೋಲರ್ ಹಾಯಿಸಿದ ಬಳಿಕ ಅಡಕವಾಗುವುದು ನಿಂತು ಬರಿಯ ಪುಡಿಯಾಗುವಿಕೆ ಉಳಿಯುತ್ತದೆ ಎಂಬುದನ್ನು ಅಂದಾಜಿಸಲು ಅನುಕರಣೆಯನ್ನು ಬಳಸಬಹುದು.

ರೈಲುದಾರಿ

ಬೀದರ್–ಕಲಬುರಗಿ ರೈಲುಮಾರ್ಗವು 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗ ಹುಮನಾಬಾದ್ ಮತ್ತು ಕಮಲಾಪುರಗಳ ಮೂಲಕ ಹಾದುಹೋಗುತ್ತದೆ. ಭಾರತೀಯ ರೈಲ್ವೆಯ ನಿಯಮದಂತೆ ಹಳಿಯ ಜಲ್ಲಿಯ ಗಾತ್ರ ಹೆಚ್ಚಾಗಿ 20ರಿಂದ 65 ಮಿ.ಮೀ. ನಡುವೆ ಇರಬೇಕು, ಕನಿಷ್ಠ ಶೇ. 98ರಷ್ಟು 20 ಮಿ.ಮೀ. ಜರಡಿಯ ಮೇಲೆ ಉಳಿಯಬೇಕು. ಜಲ್ಲಿಯ ನಡುವಿನ ಸಂದುಗಳೇ ಮಳೆನೀರಿಗೆ ದಾರಿ. ಗಾಡಿಗಳ ಭಾರ ಪದೇಪದೇ ಬಿದ್ದಾಗ ಮತ್ತು ಹಳಿಯನ್ನು ಸಮಗೊಳಿಸುವ ಯಂತ್ರದ ಉಕ್ಕಿನ ಹಲ್ಲುಗಳು ತಿವಿದಾಗ ಜಲ್ಲಿಯ ಮೂಲೆಗಳು ಮುರಿದು ಸಂದುಗಳು ಕಟ್ಟಿಕೊಳ್ಳುತ್ತವೆ. ಲೋಬೊ-ಗೆರೆರೊ ಮತ್ತು ವಲೆಹೊ 2006ರಲ್ಲಿ ಪ್ರಕಟಿಸಿದ ಅನುಕರಣೆಯು ಇಂತಹ ಆವರ್ತಕ ಭಾರದಡಿ ಜಲ್ಲಿ ಒಡೆಯುವುದನ್ನು ಕುರಿತದ್ದು. ಜಲ್ಲಿ ಒಡೆದಾಗ ಹಳಿಯ ಶಾಶ್ವತ ಕುಸಿತ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಅದು ತೋರಿಸಿತು.

ಮಣ್ಣಿನ ಅಣೆಕಟ್ಟು

ದಖನ್ ಪ್ರದೇಶದ ಮಣ್ಣಿನ ಅಣೆಕಟ್ಟುಗಳಲ್ಲಿ ನೀರು ತಡೆಯಲು ನಡುವೆ ಕರಿಮಣ್ಣಿನ ತಿರುಳು, ಅದನ್ನು ಹಿಡಿದಿಡಲು ಹೊರಗೆ ಮುರುಮ್ ಕವಚ ಹಾಕುವುದು ವಾಡಿಕೆ. ಕವಚವು ಭದ್ರವಾಗಿಯೂ ಇರಬೇಕು, ಜಲಾಶಯದ ಮಟ್ಟ ಇಳಿದಾಗ ಒಳಗಿನ ನೀರನ್ನು ಬೇಗ ಹೊರಬಿಡಲೂಬೇಕು. ಕಣಗಳು ಪುಡಿಯಾದರೆ ಎರಡನೆಯ ಗುಣ ಮೊದಲು ಕೆಡುತ್ತದೆ.

ಕರ್ನಾಟಕದಲ್ಲಿ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣಮಣ್ಣುಗಳ ಬಿಡಿಕಣ ಅನುಕರಣೆ ಹಲವು ವರ್ಷಗಳಿಂದ ನಡೆದುಬಂದಿದೆ. ಅಲ್ಲಿನ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರಾಗಿದ್ದ ಟಿ. ಜಿ. ಸೀತಾರಾಮ್ ಮತ್ತು ಎಂ. ಎಸ್. ನಿಂಬ್ಕರ್ ಕಣಗಳ ಗಾತ್ರ ಹಾಗೂ ಶ್ರೇಣೀಕರಣವು ರಾಶಿಯ ವರ್ತನೆಯ ಮೇಲೆ ಬೀರುವ ಪ್ರಭಾವವನ್ನು ಈ ವಿಧಾನದಿಂದ ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದರು. ಸೀತಾರಾಮ್ ಮುಂದೆ ಗುವಾಹಟಿಯ ಐ.ಐ.ಟಿ.ಯ ನಿರ್ದೇಶಕರೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಅಧ್ಯಕ್ಷರೂ ಆದರು. ಅದೇ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದ ಕೆ. ಕೇಶವ ರಾವ್ ಮತ್ತು ಪ್ರಭು ಆರ್. ನಾಟ್ ಕಣಗಳ ಹರಿವನ್ನು ಕುರಿತು ಬರೆದ ಪಠ್ಯಗ್ರಂಥವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯ 2008ರಲ್ಲಿ ಪ್ರಕಟಿಸಿತು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕೆ ತಳಹದಿ ಹಾಕಿದ್ದು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಆರಂಭಿಸಿದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು.

ಮಿತಿಗಳು

ಒಂದು ಘನ ಮೀಟರ್ ಜಾಗದಲ್ಲಿ 1 ಮಿ.ಮೀ. ವ್ಯಾಸದ ಕಣಗಳನ್ನು ತುಂಬಿದರೆ ಅವುಗಳ ಸಂಖ್ಯೆ ನೂರು ಕೋಟಿಯನ್ನು ಮೀರುತ್ತದೆ. ಸಾಮಾನ್ಯ ಅನುಕರಣೆಗಳು ನಿಭಾಯಿಸುವುದು ಸಾವಿರಗಳಿಂದ ಕೆಲವು ಲಕ್ಷ ಕಣಗಳನ್ನು. ಹಾಗಾಗಿ ಇಡೀ ರಸ್ತೆಯನ್ನೋ ಅಣೆಕಟ್ಟನ್ನೋ ಕಣಕಣವಾಗಿ ಲೆಕ್ಕಹಾಕುವುದು ಕಾರ್ಯಸಾಧ್ಯವಲ್ಲ. ಸಣ್ಣ ತುಣುಕೊಂದನ್ನು ಅನುಕರಿಸಿ, ಅದರಿಂದ ಪಡೆದ ನಿಯಮಗಳನ್ನು ಮಣ್ಣನ್ನು ಅಖಂಡವೆಂದು ಭಾವಿಸುವ ಲೆಕ್ಕಗಳಿಗೆ ಒದಗಿಸಲಾಗುತ್ತದೆ.

ನಿಜವಾದ ಕಣಗಳು ಮೂಲೆಮೊನಚುಗಳಿಂದ ಕೂಡಿರುತ್ತವೆ, ಗಣಕದ ಗೋಲಿಗಳು ನುಣುಪಾಗಿರುತ್ತವೆ. ಗೋಲಿಗಳು ಸುಲಭವಾಗಿ ಉರುಳುವುದರಿಂದ ರಾಶಿಯ ಬಲ ಕಡಿಮೆಯಾಗಿ ತೋರುತ್ತದೆ. ಇದನ್ನು ಸರಿಪಡಿಸಲು ಉರುಳುವಿಕೆಗೆ ಕೃತಕ ತಡೆಯನ್ನು ಸೇರಿಸುತ್ತಾರೆ ಅಥವಾ ಬಹುಮುಖಿ ಆಕಾರದ ಕಣಗಳನ್ನು ಬಳಸುತ್ತಾರೆ. ಬೆಲೆಗಳ ಬೇರೆ ಬೇರೆ ಜೋಡಣೆಗಳು ಒಂದೇ ವಕ್ರರೇಖೆಯನ್ನು ಕೊಡಬಲ್ಲವು ಎಂಬುದು ಇನ್ನೊಂದು ತೊಡಕು. ಒಂದು ಪರೀಕ್ಷೆಯೊಂದಿಗೆ ಹೊಂದಿಕೆಯಾದ ಮಾತ್ರಕ್ಕೆ ಅನುಕರಣೆ ಸರಿಯೆಂದು ಹೇಳಲಾಗದು.

ಮುರುಮ್ ವಿಷಯದಲ್ಲಿ ಮತ್ತೊಂದು ಮಿತಿಯೂ ಸೇರುತ್ತದೆ. ಒಡೆದು ಹೊರಬರುವ ಪುಡಿಯಲ್ಲಿ ಉಬ್ಬುವ ಜೇಡಿಯಿದ್ದರೆ ಅದರ ವರ್ತನೆಯನ್ನು ನಿರ್ಧರಿಸುವುದು ನೀರು ಮತ್ತು ವಿದ್ಯುದಾವೇಶಗಳು. ಒಣ ಗೋಲಿಗಳ ಸ್ಪರ್ಶನಿಯಮಗಳು ಅದನ್ನು ಒಳಗೊಳ್ಳುವುದಿಲ್ಲ. ಆದ್ದರಿಂದ ಅನುಕರಣೆಯು ಕ್ಷೇತ್ರಪರೀಕ್ಷೆಗೆ ಬದಲಿಯಾಗದೆ, ಏನನ್ನು ಪರೀಕ್ಷಿಸಬೇಕು ಮತ್ತು ಯಾವ ಹಂತದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಸೂಚಿಸುವ ಸಾಧನವಾಗಿ ಬಳಕೆಯಲ್ಲಿದೆ.

ಇವನ್ನೂ ನೋಡಿ

ಬಸಾಲ್ಟ್
ದಖನ್ ಪ್ರಸ್ಥಭೂಮಿ
ಕಪ್ಪು ಹತ್ತಿ ಮಣ್ಣು
ಘರ್ಷಣೆ
ಕಮಲಾಪುರ
ಕಲಬುರಗಿ ಜಿಲ್ಲೆ